ಬೂದಿಕೋಟೆಯ ಸಿಪಾಯಿಯ ಮಗ

ನಮ್ಮ ಮನೆಗಳಿಗೆ ಸಂಬಂಧ ಕೇಳಿಕೊಂಡು ಬಂದವರು ಚಹಾದ ಲೋಟ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆ ಯಾವುದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನ ನಮಾಝ್, ನಡತೆ, ದುಡಿಮೆ ಎಲ್ಲವೂ ಆಮೇಲೆ. ಮೊದಲು ಬೇಕಾದದ್ದು ಖಾನ್ದಾನ್. ಈ ಪ್ರಶ್ನೆಯನ್ನು ನಮ್ಮ ನಾಡಿನ ಇತಿಹಾಸದಲ್ಲಿ ಹೈದರ್ ಅಲಿಯಷ್ಟು ಎದುರಿಸಿದವರು ವಿರಳ. ಅವರು ಬದುಕಿದ್ದಾಗಲೂ ಕೇಳಿದರು, ತೀರಿಹೋದ ಮೇಲೆ ಗ್ರಂಥಕರ್ತರು ಅದಕ್ಕೆ ತಮಗೆ ತೋಚಿದ ಉತ್ತರಗಳನ್ನೂ ಬರೆದಿಟ್ಟರು.

ಆ ಉತ್ತರಗಳಲ್ಲಿ ಮುಖ್ಯವಾದವು ಎರಡು. ಒಂದು, ಹೈದರ್ ಮತ್ತು ಟಿಪ್ಪುವಿನ ಕಾಲದವರೇ ಆದ ಮೀರ್ ಹುಸೇನ್ ಅಲೀ ಖಾನ್ ಕಿರ್ಮಾನಿ ಪಾರ್ಸಿಯಲ್ಲಿ ಬರೆದ ನಿಶಾನೆ ಹೈದರಿ. ಇನ್ನೊಂದು, ಟಿಪ್ಪು ಹುತಾತ್ಮರಾದ ಬಳಿಕ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದು 1810ರಿಂದ 1817ರ ಅವಧಿಯಲ್ಲಿ ಪ್ರಕಟಿಸಿದ ಇತಿಹಾಸ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಬ್ಬನೇ ಮನುಷ್ಯನಿಗೆ ಎರಡು ಮನೆತನಗಳು ಸಿಗುತ್ತವೆ!

ಕಿರ್ಮಾನಿಯ ಪ್ರಕಾರ ಹೈದರರ ಮುತ್ತಜ್ಜ ವಲೀ ಮುಹಮ್ಮದ್. ಬಿಜಾಪುರದಲ್ಲಿ ಆದಿಲ್ ಶಾಹಿಗಳು ಆಳುತ್ತಿದ್ದಾಗ ಅವರು ದೆಹಲಿಯ ಕಡೆಯಿಂದ ಮಗನೊಂದಿಗೆ ಗುಲ್ಬರ್ಗಕ್ಕೆ ಬಂದು ಖ್ವಾಜಾ ಬಂದೇ ನವಾಝ್ ದರ್ಗಾದ ಆಶ್ರಯದಲ್ಲಿ ನೆಲೆಸಿದರು. ಮಗ ಮುಹಮ್ಮದ್ ಅಲಿ ದರ್ಗಾದ ಸೇವಕರೊಬ್ಬರ ಮಗಳನ್ನು ವಿವಾಹವಾಗಿ, ಬಿಜಾಪುರದಲ್ಲಿ ಕೆಲಕಾಲವಿದ್ದು, ಕೊನೆಗೆ ಕೋಲಾರ ಸೇರಿದರು. ಅವರ ನಾಲ್ವರು ಗಂಡುಮಕ್ಕಳಲ್ಲಿ ಒಬ್ಬರು ಫತಹ್ ಮುಹಮ್ಮದ್, ಹೈದರರ ತಂದೆ.

ವಿಲ್ಕ್ಸ್ ಹೇಳುವುದು ಬೇರೆ. ಮುತ್ತಜ್ಜನ ಹೆಸರು ಮುಹಮ್ಮದ್ ಬಹ್ಲೋಲ್. ಬಂದದ್ದು ಪಂಜಾಬಿನಿಂದ, ನೆಲೆಸಿದ್ದು ಗುಲ್ಬರ್ಗದ ಹತ್ತಿರದ ಆಳಂದದಲ್ಲಿ. ಊರವರ ದಾನದಿಂದ ಅಲ್ಲೊಂದು ಚಿಕ್ಕ ಮಸೀದಿ ಕಟ್ಟಿಸಿದರು. ಮಕ್ಕಳಿಬ್ಬರು ಸಿರಾದಲ್ಲಿ ಸುಂಕದ ಕಟ್ಟೆಯ ಪೇದೆಗಳಾಗಿ ದುಡಿದು ಮುಂದೆ ಕೋಲಾರಕ್ಕೆ ಬಂದರು. ಅಲ್ಲಿ ಹಿರಿಯನಾದ ಮುಹಮ್ಮದ್ ಅಲಿ ತೀರಿಕೊಂಡಾಗ ತಮ್ಮ ವಲೀ ಮುಹಮ್ಮದ್ ಅಣ್ಣನ ಆಸ್ತಿಯನ್ನು ಕಿತ್ತುಕೊಂಡು, ವಿಧವೆಯಾದ ಅತ್ತಿಗೆಯನ್ನೂ ಅನಾಥನಾದ ಮಗುವನ್ನೂ ಬೀದಿಗೆ ತಳ್ಳಿದ. ಪೇದೆಗಳ ನಾಯಕನೊಬ್ಬ ಕನಿಕರಪಟ್ಟು ಆ ತಾಯಿಮಗನನ್ನು ಮನೆಗೆ ಕರೆದೊಯ್ದು ಸಾಕಿದ. ಆ ಮಗುವೇ ಫತಹ್ ಮುಹಮ್ಮದ್.

ಓದುಗರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ವಲೀ ಮುಹಮ್ಮದ್ ಎಂಬ ಹೆಸರು ಎರಡು ಕಡೆಯೂ ಉಂಟು. ಒಬ್ಬರು ಅವರನ್ನು ವಂಶದ ಮೂಲಪುರುಷರೆನ್ನುತ್ತಾರೆ. ಇನ್ನೊಬ್ಬರು ಅದೇ ಹೆಸರನ್ನು ಯತೀಮನ ಸೊತ್ತು ನುಂಗಿದ ಚಿಕ್ಕಪ್ಪನಿಗೆ ಕೊಡುತ್ತಾರೆ.

ತಾಯಿಯ ವಿಷಯದಲ್ಲೂ ಹೀಗೆಯೇ. ಕಿರ್ಮಾನಿಯಲ್ಲಿ ಆಕೆ ತಂಜಾವೂರಿನ ಪೀರ್‌ಝಾದಾ ಮನೆತನದ ಹೆಣ್ಣುಮಗಳು. ವಿಲ್ಕ್ಸ್‌ನ ಬರಹದಲ್ಲಿ ಆಕೆ ನವಾಯತಳು. ಭಟ್ಕಳದ ಓದುಗರಿಗೆ ನವಾಯತರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಂಕಣದ ಆ ನವಾಯತ ಕುಟುಂಬ ಪ್ರಯಾಣದಲ್ಲಿದ್ದಾಗ ತರೀಕೆರೆಯ ಬಳಿ ದರೋಡೆಕೋರರು ತಂದೆಯನ್ನು ಕೊಂದು ಎಲ್ಲವನ್ನೂ ದೋಚಿದರು. ಉಳಿದವರು ಬೇಡುತ್ತಾ ಕೋಲಾರ ತಲುಪಿದರು. ಆ ಮನೆಯ ಹೆಣ್ಣನ್ನು ಫತಹ್ ಮುಹಮ್ಮದ್ ವಿವಾಹವಾದರು.

ಹಾಗಾದರೆ ಯಾರನ್ನು ನಂಬುವುದು? ಕಿರ್ಮಾನಿ ಆ ಮನೆಯ ಅನ್ನ ಉಂಡವರು. ಹೈದರರ ವಂಶವನ್ನು ಅರಬ್ ನಾಡಿನ ಕುರೈಶರವರೆಗೂ ಒಯ್ದು ಮುಟ್ಟಿಸುವ ಆಸೆ ಆಸ್ಥಾನದ ಬರಹಗಾರರಿಗೆ ಇತ್ತು. ವಿಲ್ಕ್ಸ್ ಗೆದ್ದವರ ಕಡೆಯವರು. ಸೋತ ಮನೆತನ ತೀರಾ ಕೆಳಗಿನಿಂದ ಬಂದದ್ದೆಂದು ತೋರಿದರೆ ಅವರಿಗೇನೂ ನಷ್ಟವಿಲ್ಲ. ಇಬ್ಬರೂ ಒಪ್ಪುವಷ್ಟನ್ನು ಮಾತ್ರ ಎತ್ತಿಕೊಳ್ಳುವುದೇ ಸರಿಯೆಂದು ನನಗೆ ತೋರುತ್ತದೆ. ಉತ್ತರದಿಂದ ಗುಲ್ಬರ್ಗದ ಸೀಮೆಗೆ ಬಂದ ಒಬ್ಬ ಧರ್ಮಶ್ರದ್ಧೆಯ ಬಡ ಮನುಷ್ಯ, ಕೋಲಾರದಲ್ಲಿ ಕಣ್ಣುಮುಚ್ಚಿದ ಅವರ ಮಗ ಮುಹಮ್ಮದ್ ಅಲಿ, ಕತ್ತಿ ಹಿಡಿದು ಹೊಟ್ಟೆ ಹೊರೆದ ಮೊಮ್ಮಗ ಫತಹ್ ಮುಹಮ್ಮದ್. ಕುರೈಶರವರೆಗಿನ ಸುಮಾರು ಸಾವಿರ ವರ್ಷಗಳ ದಾರಿಯನ್ನು ಈ ಎರಡು ಗ್ರಂಥಗಳ ಬಲದಿಂದ ತುಂಬಲಾಗದು.

ತುಂಬಬೇಕಾದ ಅಗತ್ಯವೇನು ಎಂಬುದು ಬೇರೆ ಪ್ರಶ್ನೆ. ತನ್ನದಲ್ಲದ ತಂದೆಯನ್ನು ಗೊತ್ತಿದ್ದೂ ತನ್ನವನೆಂದು ಹೇಳಿಕೊಳ್ಳುವವನಿಗೆ ಹದೀಸಿನಲ್ಲಿ ಬಂದಿರುವ ಎಚ್ಚರಿಕೆ ಬಹಳ ಕಠಿಣವಾದುದು. ತಂದೆ ಯಾರೆಂದು ತಿಳಿಯದವರು ನಿಮ್ಮ ಧರ್ಮದ ಸಹೋದರರೆಂದು ಸೂರಃ ಅಲ್ ಅಹ್‌ಝಾಬ್‌ನಲ್ಲಿ ಅಲ್ಲಾಹನು ತಿಳಿಸಿದ್ದಾನೆ. ಹೀಗಿದ್ದೂ ಶಜರಾ ಬರೆಸಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಚಪಲ ನಮ್ಮಲ್ಲಿ ಕಡಿಮೆಯಾಗಿಲ್ಲ. ಮಧ್ಯದಲ್ಲಿ ನಾಲ್ಕು ತಲೆಮಾರು ಕಾಣೆಯಾಗಿದ್ದರೂ ಸರಿ, ತುದಿಯಲ್ಲಿ ದೊಡ್ಡ ಹೆಸರೊಂದು ಇರಬೇಕು.

ಫತಹ್ ಮುಹಮ್ಮದ್ ಕೊನೆಗೆ ಸಿರಾದ ಸುಬೇದಾರರ ಸೇವೆಯಲ್ಲಿ ಬೂದಿಕೋಟೆಯನ್ನು ನೋಡಿಕೊಳ್ಳುತ್ತಿದ್ದರು. ಹೈದರ್ ಹುಟ್ಟಿದ್ದು ಅಲ್ಲಿಯೇ. ವರ್ಷ 1720 ಎನ್ನುವವರೂ ಇದ್ದಾರೆ, 1722 ಎನ್ನುವವರೂ ಇದ್ದಾರೆ. ಮಗುವಿಗೆ ಏಳು ವರ್ಷವಾಗುವ ಹೊತ್ತಿಗೆ ಸಿರಾದ ಅಧಿಕಾರಕ್ಕಾಗಿ ಕಾದಾಟ ಎದ್ದಿತು. ಫತಹ್ ಮುಹಮ್ಮದ್ ತಮ್ಮ ಒಡೆಯ ಅಬ್ದುರ್ರಸೂಲ್ ಖಾನರ ಪಕ್ಷದಲ್ಲಿ ಹೋರಾಡುತ್ತಾ ರಣರಂಗದಲ್ಲಿ ಮಡಿದರು. ಒಡೆಯನೂ ಮಡಿದ.

ಆಗ ಅವರ ಕುಟುಂಬ ದೊಡ್ಡಬಳ್ಳಾಪುರದಲ್ಲಿತ್ತು. ಒಡೆಯನ ಮಗ ಅಬ್ಬಾಸ್ ಕುಲೀ ಖಾನನು ತನ್ನ ತಂದೆಗಾಗಿ ಪ್ರಾಣ ಕೊಟ್ಟವನ ಹೆಂಡತಿ ಮಕ್ಕಳನ್ನು ಕಾಪಾಡಬೇಕಾಗಿತ್ತು. ಆದರೆ ಅವನು ಸತ್ತ ಸಿಪಾಯಿ ಹಣ ಬಾಕಿ ಇಟ್ಟಿದ್ದಾನೆಂದು ನೆಪ ತೆಗೆದು ಮನೆಯನ್ನು ದೋಚಿದ. ಅಷ್ಟಕ್ಕೂ ತೃಪ್ತನಾಗದೆ ಒಂಬತ್ತು ವರ್ಷದ ಶಹಬಾಝ್ ಮತ್ತು ಏಳು ವರ್ಷದ ಹೈದರ್ ಇಬ್ಬರನ್ನೂ ನಗಾರಿಯೊಳಗೆ ಕೂಡಿಹಾಕಿಸಿ ಚರ್ಮ ಬಿಗಿಸಿ ಬಾರಿಸಿದನೆಂದು ಹೇಳಲಾಗಿದೆ. ಮಕ್ಕಳ ಕೂಗು ಕೇಳಿ ತಾಯಿ ಇದ್ದಬದ್ದುದನ್ನೆಲ್ಲ ತಂದು ಸುರಿಯಲಿ ಎಂಬುದು ಅವನ ಲೆಕ್ಕ. ಈ ಭಾಗವನ್ನು ಓದುವಾಗ ನನ್ನ ಮುಂದೆ ಕುಳಿತು ಖಾಯಿದಾ ಕಲಿಯುವ ಅದೇ ವಯಸ್ಸಿನ ಮಕ್ಕಳ ಮುಖಗಳು ಕಣ್ಣೆದುರು ಬರುತ್ತವೆ.

ಅವರನ್ನು ಬಿಡಿಸಿದವರು ಯಾರು? ಇಲ್ಲಿಯೂ ಎರಡು ಮಾತು. ಶ್ರೀರಂಗಪಟ್ಟಣದ ಸೇವೆಯಲ್ಲಿದ್ದ, ಹೈದರ್ ಎಂಬ ಹೆಸರಿನವನೇ ಆದ ದೊಡ್ಡಪ್ಪನ ಮಗನೆಂದು ಕಿರ್ಮಾನಿ. ಬೆಂಗಳೂರಿನಲ್ಲಿದ್ದ ಸೋದರಮಾವ ಇಬ್ರಾಹೀಮ್ ಸಾಹೇಬರು ಆಶ್ರಯವಿತ್ತರೆಂದು ವಿಲ್ಕ್ಸ್. ಯಾರೇ ಆಗಿರಲಿ, ರಕ್ತಸಂಬಂಧದ ಹಕ್ಕನ್ನು ಪಾಲಿಸಿದರು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. 1749ರಲ್ಲಿ ಮೈಸೂರಿನವರು ದೇವನಹಳ್ಳಿಯನ್ನು ಮುತ್ತಿದಾಗ ಅಣ್ಣ ಶಹಬಾಝ್‌ನ ಜೊತೆ ಸ್ವಂತ ಇಚ್ಛೆಯಿಂದ ಹೋದ ಹೈದರ್ ಸರ್ವಾಧಿಕಾರಿ ನಂಜರಾಜಯ್ಯನವರ ಕಣ್ಣಿಗೆ ಬಿದ್ದರು. 50 ಕುದುರೆ, 200 ಕಾಲಾಳುಗಳ ಸಣ್ಣ ಅಧಿಕಾರ ಕೈಗೆ ಬಂತು. 1761ರ ಹೊತ್ತಿಗೆ ಮೈಸೂರಿನ ಇಡೀ ಆಡಳಿತವೇ ಅವರ ಕೈಯಲ್ಲಿತ್ತು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಸಹಿ ಎಂದರೆ ಹೆಸರಿನ ಮೊದಲಕ್ಷರ ಮಾತ್ರ, ಅದೂ ತಿರುವುಮುರುವು. ಜನ ಅವರನ್ನು ಹೈದರ್ ನಾಯ್ಕ ಎಂದೇ ಕರೆದರು. ನಾಯ್ಕ ಎಂಬುದು ಸಿಪಾಯಿಗಳ ಸಣ್ಣ ಮುಖಂಡನ ಹೆಸರು. ಮುಂದೆ ಟಿಪ್ಪು ಸುಲ್ತಾನರು ಹೈದರಾಬಾದಿನ ನಿಝಾಮರ ಮನೆತನದೊಡನೆ ವಿವಾಹಸಂಬಂಧ ಬಯಸಿದಾಗ, ನಾಯ್ಕನ ಮನೆತನಕ್ಕೆ ಹೆಣ್ಣು ಕೊಡುವುದೇ ಎಂದು ನಿಝಾಮರು ನಿರಾಕರಿಸಿದರೆಂಬ ವೃತ್ತಾಂತ ಉಂಟು. ಇಬ್ಬರೂ ಒಂದಾಗಿದ್ದರೆ ದಕ್ಷಿಣ ಭಾರತದ ಇತಿಹಾಸ ಹೇಗಿರುತ್ತಿತ್ತೋ ಏನೋ.

1761ರಲ್ಲೇ ದೊಡ್ಡಬಳ್ಳಾಪುರ ಹೈದರರ ವಶವಾಯಿತು. ನಗಾರಿಯ ಘಟನೆ ಕಳೆದು ಮೂವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಅಬ್ಬಾಸ್ ಕುಲೀ ಖಾನನು ಮನೆಮಂದಿಯನ್ನು ಅಲ್ಲೇ ಬಿಟ್ಟು ಮದ್ರಾಸಿಗೆ ಓಡಿಹೋದ. ಹಿಂದೆ ಅವನ ತಾಯಿ ಈ ಅನಾಥ ಮಕ್ಕಳ ಬಗ್ಗೆ ಕರುಣೆ ತೋರಿದ್ದಳು. ಅದನ್ನು ನೆನೆದು ಹೈದರ್ ಆ ಕುಟುಂಬವನ್ನು ಔದಾರ್ಯದಿಂದ ನಡೆಸಿಕೊಂಡರು. ಯುದ್ಧಗಳಲ್ಲಿ ಹೈದರ್ ತೋರಿದ ಕಾಠಿಣ್ಯವನ್ನು ಮುಚ್ಚಿಡಬೇಕಾಗಿಲ್ಲ, ಆದರೆ ಇದೂ ಅದೇ ಮನುಷ್ಯನ ಕೆಲಸ. ಅಬ್ಬಾಸ್ ಕುಲಿಗೆ ಮಾತ್ರ ಧೈರ್ಯ ಬರಲಿಲ್ಲ. 1769ರಲ್ಲಿ ಹೈದರರ ಕುದುರೆಪಡೆ ಮದ್ರಾಸಿನ ಬಾಗಿಲಿಗೆ ಬಂದಾಗ ಅವನು ಮುರುಕು ಹಡಗೊಂದನ್ನು ಹತ್ತಿ ಕುಳಿತು, ಅವರು ಹಿಂದಿರುಗಿದರೆಂದು ಖಚಿತವಾಗುವವರೆಗೂ ದಡಕ್ಕೆ ಇಳಿಯಲಿಲ್ಲವಂತೆ.

1782ರ ದಶಂಬರ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಹೈದರ್ ನಿಧನರಾದರು. ಟಿಪ್ಪು ದೂರದ ಮಲಬಾರಿನಲ್ಲಿದ್ದುದರಿಂದ ಸಾವಿನ ಸುದ್ದಿಯನ್ನು ಗುಟ್ಟಾಗಿಡಲಾಯಿತು. ಪಾರ್ಥಿವ ಶರೀರವನ್ನು ಖಜಾನೆಯ ಸಾಮಾನಿನಂತೆ ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಸಾಗಿಸಿದರು. ಶ್ರೀರಂಗಪಟ್ಟಣದ ಗುಂಬಝ್‌ಗೆ ಒಯ್ಯುವವರೆಗೆ ಅದನ್ನು ಕೋಲಾರದ ಮಕ್ಬರಾದಲ್ಲಿ, ತಂದೆ ಫತಹ್ ಮುಹಮ್ಮದರ ಸಮಾಧಿಯ ಬಳಿ ಇರಿಸಲಾಗಿತ್ತು.