ಆಟದ ಮೂಲ ಹುಡುಕಿದ ಕಾರಂತಜ್ಜ

ಕುಂದಾಪುರ, ಬೈಂದೂರು ಕಡೆಯವರು ‘ಇವತ್ತು ಆಟ ಇದೆ’ ಅಂದರೆ ಯಕ್ಷಗಾನ ಇದೆ ಅಂತಲೇ ಅರ್ಥ. ಆದರೆ ಈ ಆಟ ಎಷ್ಟು ಹಳೆಯದು? ಭಾಗವತರು ಹಾಡುವ ಪದಗಳನ್ನು ಬರೆದವರು ಯಾರು? ಈ ಪ್ರಶ್ನೆಗಳ ಬೆನ್ನು ಹತ್ತಿದವರು ಶಿವರಾಮ ಕಾರಂತರು.

ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗ ಬ್ರಹ್ಮಾವರ ತಾಲೂಕಿನಲ್ಲಿರುವ ಕೋಟದಲ್ಲಿ. ಗಾಂಧೀಜಿ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು, ಮತ್ತೆ ಡಿಗ್ರಿಯ ಕಡೆ ತಿರುಗಲಿಲ್ಲ. ‘ಚೋಮನ ದುಡಿ’, ‘ಮೂಕಜ್ಜಿಯ ಕನಸುಗಳು’ ನಮಗೆಲ್ಲ ಗೊತ್ತು. ಅವರ ಯಕ್ಷಗಾನ ಸಂಶೋಧನೆ ಅಷ್ಟಾಗಿ ಗೊತ್ತಿಲ್ಲ.

ಪ್ರಸಂಗಗಳು ತಾಡೋಲೆಗಳಲ್ಲಿ, ಕೈಬರಹದ ಪ್ರತಿಗಳಲ್ಲಿ ಚದುರಿಹೋಗಿದ್ದವು. ಒಬ್ಬರು ಬರೆದದ್ದನ್ನು ಮತ್ತೊಬ್ಬರು ನಕಲು ಮಾಡುತ್ತಿದ್ದರು. ಹಾಗಾಗಿ ಓಲೆಯಲ್ಲಿ ವರ್ಷ ಸಿಕ್ಕರೂ ಅದು ಪ್ರತಿಯ ವರ್ಷ ಇರಬಹುದು. ಕೃತಿ ಅದಕ್ಕಿಂತ ಈಚಿನದಲ್ಲ ಅಂತ ಮಾತ್ರ ಹೇಳಬಹುದು. ಅಜಪುರದ ವಿಷ್ಣು ಬರೆದ ‘ವಿರಾಟಪರ್ವ’ದ ಓಲೆಪ್ರತಿಯನ್ನು 1564ರದ್ದೆಂದು ಗುರುತಿಸಲಾಗಿದೆ. ಅಜಪುರ ಅಂದರೆ ನಮ್ಮ ಬ್ರಹ್ಮಾವರವೇ! ಅಲ್ಲಿಗೆ, ಪ್ರಸಂಗ ಬರೆಯುವ ಪದ್ಧತಿಗೆ ನಾಲ್ಕೂವರೆ ಶತಮಾನದ ವಯಸ್ಸಂತೂ ಆಯಿತು.

ಎಲ್ಲವೂ ಹೀಗೆ ಸಲೀಸಾಗಿ ಇತ್ಯರ್ಥವಾಗಲಿಲ್ಲ. ರಾಮಾಯಣದ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವು ಎಂಬ ನಂಬಿಕೆಯನ್ನು ಕಾರಂತರು ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರಂಥ ವಿದ್ವಾಂಸರು ಕುಂಬಳೆಯ ಪರವಾಗಿ ಗಟ್ಟಿಯಾಗಿ ವಾದಿಸಿದರು. ಈ ಜಗಳದಿಂದ ಲಾಭವೇ ಆಯಿತು: ಎರಡೂ ಕಡೆಯವರು ಹಳೆಯ ಪ್ರತಿಗಳನ್ನು ಮತ್ತೆ ಬಿಚ್ಚಿ ಓದಬೇಕಾಯಿತು.

ಇನ್ನೊಂದು ತೊಡಕು ಸಂಗೀತದ್ದು. ಪದದ ತಲೆಯ ಮೇಲೆ ರಾಗ, ತಾಳದ ಹೆಸರಿರುತ್ತದೆ, ಅಷ್ಟೇ. ಅದನ್ನು ಹಾಡುವ ಮಟ್ಟು ಓಲೆಯಲ್ಲಿಲ್ಲ, ಭಾಗವತರ ಗಂಟಲಲ್ಲಿದೆ. ಅವರು ತೀರಿಕೊಂಡರೆ ಬ್ಯಾಕಪ್ ಇಲ್ಲ. ಹಾಗಾಗಿ ಓದುವುದರ ಜೊತೆಗೆ ಹಳಬರ ಹಾಡು, ಕುಣಿತ, ವೇಷಗಳನ್ನೂ ಕೂತು ಗಮನಿಸಬೇಕಿತ್ತು. ಈ ದುಡಿಮೆಯ ಫಲ ‘ಯಕ್ಷಗಾನ ಬಯಲಾಟ’. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕಾರಂತರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರದ ಕಲಾವಿದರನ್ನು ಕಟ್ಟಿಕೊಂಡು ಪ್ರಯೋಗಕ್ಕೆ ಇಳಿದರು. ಅವಧಿ ಕಡಿಮೆ ಮಾಡಿದರು, ಮಾತು ಬಿಟ್ಟು ಹಾಡು-ಕುಣಿತಕ್ಕೆ ಒತ್ತು ಕೊಟ್ಟರು, ಪಿಟೀಲು, ಸ್ಯಾಕ್ಸೋಫೋನ್ ತಂದರು. ಅರ್ಥಗಾರಿಕೆಯೇ ಆಟದ ಜೀವ ಅನ್ನುವವರಿಗೆ ಇದು ಹಿಡಿಸಲಿಲ್ಲ. ಹಳೆಯದರ ಬೇರು ಹುಡುಕಿದವರೇ ಅದನ್ನು ಬದಲಾಯಿಸಬಹುದಾ? ಯಾವುದು ಹಳೆಯದು, ಯಾವುದು ನಿನ್ನೆ ಮೊನ್ನೆ ಸೇರಿದ್ದು ಎಂದು ಪರೀಕ್ಷಿಸಿ ನೋಡಿದ ಮೇಲೆ ಅವರು ಕೈಹಾಕಿದ್ದರು. ಫಲಿತಾಂಶ ಒಪ್ಪದವರೂ ಆ ಕ್ರಮವನ್ನು ಒಪ್ಪಬಹುದು.

1997ರ ಡಿಸೆಂಬರ್ 9ರಂದು ಕಾರಂತಜ್ಜ ತೀರಿಕೊಂಡರು, ನಮ್ಮಲ್ಲಿ ಬಹಳಷ್ಟು ಜನ ಹುಟ್ಟುವ ಮೊದಲೇ. ಊರಿಗೆ ಹೋದಾಗ ಅಟ್ಟದ ಮೇಲೆ ಹಳೆಯ ಪ್ರಸಂಗದ ಪುಸ್ತಕ ಸಿಕ್ಕರೆ ಗುಜರಿಗೆ ಹಾಕಬೇಡಿ. ಒಂದೊಂದೇ ಪುಟದ ಫೋಟೋ ತೆಗೆಯಿರಿ. ಆಮೇಲೆ ಊರಿನ ಹಿರಿಯ ಭಾಗವತರೊಬ್ಬರನ್ನು ಕೇಳಿ, ಅದರ ಪದ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಎರಡೂ ಇದ್ದರೇ ದಾಖಲೆ ಪೂರ್ತಿ.