ಆಟದ ಬಯಲಿನಲ್ಲಿ ನಿಂತ ಗುರು: ಸಂತ ಜಾನ್ ಬೋಸ್ಕೊ

ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತ್ಯದಲ್ಲಿ ಬೆಕ್ಕಿ ಎಂಬುದು ಕೆಲವೇ ಮನೆಗಳ ಒಂದು ಕುಗ್ರಾಮ. 1825ರ ಸುಮಾರಿಗೆ ಹಬ್ಬದ ದಿನಗಳ ಅಪರಾಹ್ನ ಅಲ್ಲಿನ ಹುಲ್ಲುಗಾವಲಿನಲ್ಲಿ ಊರ ಮಕ್ಕಳೂ ದೊಡ್ಡವರೂ ನೆರೆಯುತ್ತಿದ್ದರು. ಎರಡು ಮರಗಳ ನಡುವೆ ಹಗ್ಗ ಬಿಗಿದಿರುತ್ತಿತ್ತು. ಪಕ್ಕದಲ್ಲಿ ಒಂದು ಸಣ್ಣ ಮೇಜು, ಒಂದು ಕುರ್ಚಿ. ಹತ್ತು ವರ್ಷದ ಬಾಲಕನೊಬ್ಬನು ಲಾಗ ಹಾಕುತ್ತ, ಕೈಗಳ ಮೇಲೆ ನಡೆಯುತ್ತ, ಹಗ್ಗದ ಮೇಲೆ ನೆಲದ ಮೇಲಿನಂತೆಯೇ ಓಡಾಡುತ್ತ, ನೋಡುವವರ ಕಿವಿ ಮೂಗುಗಳಿಂದ ನಾಣ್ಯಗಳನ್ನು ತೆಗೆದು ತೋರಿಸುತ್ತ ಎಲ್ಲರನ್ನೂ ಬೆರಗುಗೊಳಿಸುತ್ತಿದ್ದನು. ಆದರೆ ಈ ಆಟಕ್ಕೆ ಒಂದು ಪ್ರವೇಶ ಶುಲ್ಕವಿತ್ತು. ಮೊದಲು ಎಲ್ಲರೂ ಜಪಸರ ಪ್ರಾರ್ಥಿಸಬೇಕು, ಒಂದು ಭಕ್ತಿಗೀತೆ ಹಾಡಬೇಕು; ಬಳಿಕ ಬಾಲಕನು ಕುರ್ಚಿಯ ಮೇಲೆ ನಿಂತು ಆ ಬೆಳಿಗ್ಗೆ ದೇವಾಲಯದಲ್ಲಿ ತಾನು ಕೇಳಿದ ಪ್ರಬೋಧನೆಯನ್ನು ನೆನಪಿನಿಂದಲೇ ಒಪ್ಪಿಸುವುದನ್ನು ಕೇಳಬೇಕು. ಪ್ರಾರ್ಥನೆಗೆ ಒಲ್ಲೆನೆಂದವನಿಗೆ ಆಟ ನೋಡುವ ಅವಕಾಶವಿರಲಿಲ್ಲ.

ಆ ಬಾಲಕನೇ ಮುಂದೆ ಯುವಜನರ ತಂದೆ ಎನಿಸಿಕೊಂಡ ಸಂತ ಜಾನ್ ಬೋಸ್ಕೊ. ಇಂದು ಅವರ ಜೀವನವನ್ನು ನೆನೆಯಲು ಒಂದು ವಿಶೇಷ ಕಾರಣವಿದೆ. ನಮ್ಮ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಗೇಮಿಫಿಕೇಶನ್ ಎಂಬ ಬೋಧನಾಕ್ರಮವು ಬಂದಿದೆ. ಪಾಠವನ್ನು ಆಟದ ಚೌಕಟ್ಟಿಗೆ ಅಳವಡಿಸಿ, ಸರಿಯುತ್ತರಕ್ಕೆ ಅಂಕ, ಅಂಕಗಳಿಗೆ ಬಿಲ್ಲೆ, ಬಿಲ್ಲೆಗಳಿಗೆ ಮೇಲಿನ ಹಂತ, ಎಲ್ಲರ ಕಣ್ಣಿಗೆ ಬೀಳುವಂತೆ ಶ್ರೇಯಾಂಕದ ಪಟ್ಟಿ ಎಂದು ಏರ್ಪಾಟು ಮಾಡುವುದು ಇದರ ರೀತಿ. ಧರ್ಮೋಪದೇಶದ ತರಗತಿಗಳಲ್ಲೂ ಬಲಿಪೂಜೆಗೆ ಬಂದುದಕ್ಕೆ ಒಂದು ನಕ್ಷತ್ರ, ಜಪ ಬಾಯಿಪಾಠ ಮಾಡಿದುದಕ್ಕೆ ಎರಡು ನಕ್ಷತ್ರ ಎಂಬ ಪದ್ಧತಿ ಹೊಸದೇನಲ್ಲ. ಹೀಗೆ ಎಣಿಸಿ ಎಣಿಸಿ ಪ್ರಭುಕ್ರಿಸ್ತರ ಶಿಷ್ಯರನ್ನು ರೂಪಿಸಬಹುದೆ ಎಂದು ಮನಸ್ಸಾಕ್ಷಿಯುಳ್ಳ ಉಪಾಧ್ಯಾಯರು ಕೇಳುತ್ತಾರೆ. ಬೆಕ್ಕಿಯ ಹುಲ್ಲುಗಾವಲನ್ನು ಕಂಡರೆ ಡಾನ್ ಬೋಸ್ಕೊ ಅವರೇ ಈ ಕ್ರಮದ ಮೂಲಪುರುಷರೆಂದು ತೋರುತ್ತದೆ. ಅವರ ಜೀವನವನ್ನು ಕೊನೆಯವರೆಗೂ ಓದಿದವರಿಗೆ ಮಾತ್ರ ಪ್ರಶ್ನೆಯು ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ.

ಜಾನ್ ಹುಟ್ಟಿದ್ದು 1815ರ ಆಗಸ್ಟ್ 16ರಂದು. ಎರಡು ವರ್ಷ ತುಂಬುವ ಮೊದಲೇ, 1817ರ ಮೇ ತಿಂಗಳಿನಲ್ಲಿ, ತಂದೆ ಫ್ರಾಂಚೆಸ್ಕೊ ತೀರಿಕೊಂಡರು. ಓದುಬರಹ ಬಾರದ, ಆದರೆ ದೈವಭಕ್ತಿಯಲ್ಲಿ ಬಲಿಷ್ಠಳಾದ ತಾಯಿ ಮಾರ್ಗರಿತಾ ಮೂವರು ಗಂಡುಮಕ್ಕಳನ್ನು ಸಾಕಿದಳು. ಅವರಲ್ಲಿ ಹಿರಿಯನಾದ ಅಂತೋನಿಯೊ ಗಂಡನ ಮೊದಲ ಹೆಂಡತಿಯ ಮಗ. ಒಂಬತ್ತನೆಯ ವಯಸ್ಸಿನಲ್ಲಿ ಜಾನ್ ಕಂಡ ಕನಸು ನಮ್ಮ ಕುಟುಂಬಗಳಿಗೆ ಪರಿಚಿತವಾದದ್ದೇ. ಬಯಲಿನಲ್ಲಿ ಆಡುತ್ತಿದ್ದ ಹುಡುಗರು ದೇವದೂಷಣೆಯ ಮಾತುಗಳನ್ನಾಡಿದಾಗ ಅವನು ಮುಷ್ಟಿ ಬಿಗಿದು ಅವರ ಮೇಲೆ ಬಿದ್ದನು. ತೇಜಸ್ವಿಯಾದ ಪುರುಷನೊಬ್ಬನು ತಡೆದು, ಹೊಡೆತದಿಂದಲ್ಲ, ಸೌಮ್ಯತೆಯಿಂದ ಇವರನ್ನು ಗೆಲ್ಲಬೇಕೆಂದು ಬೋಧಿಸಿದನು. ಮಹಿಮಾನ್ವಿತಳಾದ ಸ್ತ್ರೀಯೊಬ್ಬಳು ಕಾಡುಮೃಗಗಳು ಕುರಿಮರಿಗಳಾಗುವುದನ್ನು ತೋರಿಸಿದಳು. ಈ ಕನಸಿನ ಮರುದಿನಗಳಲ್ಲೇ ಕಸರತ್ತಿನ ಆಟಗಳು ಆರಂಭವಾದುದು ಆಕಸ್ಮಿಕವಲ್ಲವೆಂದು ನನ್ನ ಭಾವನೆ. ಸೌಮ್ಯತೆಯಿಂದ ಗೆಲ್ಲುವುದು ಹೇಗೆಂದು ತಿಳಿಯದ ಹಳ್ಳಿಯ ಹುಡುಗನು ತನ್ನ ಬಳಿ ಇದ್ದುದನ್ನೇ, ಅಂದರೆ ಕೈಕಾಲುಗಳ ಚುರುಕನ್ನೇ, ಬಂಡವಾಳ ಮಾಡಿಕೊಂಡನು. ಹಕ್ಕಿ ಹಿಡಿದು, ಅಣಬೆ ಆಯ್ದು ಮಾರಿ ಬಂದ ಕಾಸಿನಿಂದ ಜಾತ್ರೆಗಳಿಗೆ ಹೋಗಿ ಗಾರುಡಿಗರ ಪ್ರತಿಯೊಂದು ಚಲನೆಯನ್ನೂ ಗಮನಿಸುತ್ತಿದ್ದನು. ಮನೆಗೆ ಬಂದು ಬಿದ್ದು, ಎದ್ದು, ಅದನ್ನೇ ಕಲಿಯುತ್ತಿದ್ದನು.

ಓದಿನ ದಾರಿ ಸುಗಮವಾಗಿರಲಿಲ್ಲ. ರೈತನ ಮಗನಿಗೆ ಪುಸ್ತಕವೇಕೆ ಎಂಬುದು ಅಂತೋನಿಯೊನ ವಾದ. ಮನೆಯ ಶಾಂತಿಗಾಗಿ ತಾಯಿಯು 1828ರಲ್ಲಿ ಜಾನ್‌ನನ್ನು ಮೊಲ್ಯಾ ಎಂಬ ಕುಟುಂಬದ ಜಮೀನಿಗೆ ಆಳಾಗಿ ಕಳುಹಿಸಬೇಕಾಯಿತು. 1831ರಲ್ಲಿ ಕಿಯೇರಿ ಪಟ್ಟಣದ ಶಾಲೆಗೆ ಸೇರಿದಾಗ ಅವನು ತನಗಿಂತ ಎಷ್ಟೋ ಕಿರಿಯರ ನಡುವೆ ಕುಳಿತುಕೊಳ್ಳಬೇಕಾಯಿತು. ಊಟ ವಸತಿಗಾಗಿ ಹೊಲಿಗೆ, ಮರಗೆಲಸ, ಕಾಫಿ ಅಂಗಡಿಯ ಚಾಕರಿ ಎಲ್ಲವನ್ನೂ ಮಾಡಿದನು. ಅಲ್ಲಿಯೇ 1832ರಲ್ಲಿ ಗೆಳೆಯರೊಡನೆ ಒಂದು ಸಂಘವನ್ನು ಕಟ್ಟಿದನು. ಅದರ ಹೆಸರು ಆನಂದ ಸಂಘ. ಕ್ರೈಸ್ತನಿಗೆ ಒಪ್ಪದ ನಡೆನುಡಿ ಇರಬಾರದು, ಓದಿನ ಮತ್ತು ಭಕ್ತಿಯ ಕರ್ತವ್ಯಗಳನ್ನು ಸರಿಯಾಗಿ ನೆರವೇರಿಸಬೇಕು, ಸದಾ ಹರ್ಷದಿಂದಿರಬೇಕು ಎಂಬಷ್ಟೇ ಅದರ ನಿಯಮಗಳು. ಆ ದಿನಗಳಲ್ಲಿ ಕಸರತ್ತುಗಾರನೊಬ್ಬನು ಭಾನುವಾರಗಳಂದು ಪ್ರದರ್ಶನ ನೀಡುತ್ತ ಹುಡುಗರನ್ನು ದೇವಾಲಯದಿಂದ ಸೆಳೆಯತೊಡಗಿದಾಗ, ಜಾನ್ ಅವನನ್ನೇ ಪಂದ್ಯಕ್ಕೆ ಕರೆದನು. ಓಟ, ನೆಗೆತ, ಬೆರಳ ತುದಿಯಲ್ಲಿ ಕೋಲನ್ನು ನಿಲ್ಲಿಸುವುದು, ಕಡೆಗೆ ಮರ ಹತ್ತುವುದು. ಒಂದೊಂದರಲ್ಲೂ ಪಣವು ಏರುತ್ತ ಹೋಗಿ, ಪಾಪ, ಆ ಮನುಷ್ಯನು ತನ್ನ ಸಂಪಾದನೆಯನ್ನೆಲ್ಲ ಕಳೆದುಕೊಂಡನು. ಹುಡುಗರು ಗೆದ್ದ ಹಣವನ್ನು ಇಟ್ಟುಕೊಳ್ಳಲಿಲ್ಲ. ತಮಗೆಲ್ಲ ಒಂದು ಊಟ ಹಾಕಿಸುವುದಾದರೆ ಉಳಿದುದನ್ನು ಹಿಂದಿರುಗಿಸುವುದಾಗಿ ಒಪ್ಪಿಕೊಂಡರು.

1835ರಲ್ಲಿ ಗುರುಮಠ ಸೇರಿದ ಜಾನ್ ಬೋಸ್ಕೊ 1841ರ ಜೂನ್ 5ರಂದು ತುರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಹಳ್ಳಿಗಳಿಂದ ಕೂಲಿಗಾಗಿ ಬಂದ ಎಳೆಯ ಹುಡುಗರು ಅಂದು ಆ ನಗರದಲ್ಲಿ ಗಾರೆಗೆಲಸಕ್ಕೂ ಹೊಗೆಗೂಡು ಗುಡಿಸುವುದಕ್ಕೂ ಅಲೆಯುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಸೆರೆಮನೆಗೆ ಸೇರುವುದನ್ನೂ, ಬಿಡುಗಡೆಯಾಗಿ ಹೋದವರೇ ಮತ್ತೆ ಮರಳಿ ಬರುವುದನ್ನೂ ಯುವ ಗುರುಗಳು ಕಣ್ಣಾರೆ ಕಂಡರು. ಹೊರಗೆ ಆ ಹುಡುಗರಿಗೆ ತಮ್ಮವರೆಂಬವರು ಯಾರೂ ಇರಲಿಲ್ಲ. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ ದೇವಾಲಯದ ಸೇವಕನು ಒಬ್ಬ ಹುಡುಗನನ್ನು ಹೊಡೆದು ಓಡಿಸುತ್ತಿದ್ದನು. ಪೂಜೆಗೆ ಸಹಾಯ ಮಾಡಲು ಬಾರದೆಂಬುದೇ ಅವನ ಅಪರಾಧ. ಡಾನ್ ಬೋಸ್ಕೊ ಅವನನ್ನು ಹಿಂದಕ್ಕೆ ಕರೆಸಿದರು. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಆ ಅನಾಥ ಕೂಲಿ ಹುಡುಗನಿಗೆ ಓದಲು ಬಾರದು, ಬರೆಯಲು ಬಾರದು, ಹಾಡಲು ಬಾರದು. ಶಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗನು ನಕ್ಕನು. ಅಂದೇ ಮೊದಲ ಧರ್ಮೋಪದೇಶವು ನಡೆಯಿತು. ಆ ಪ್ರಶ್ನೆಯಲ್ಲಿ ಅಂಕವಾಗಲಿ ಬಹುಮಾನವಾಗಲಿ ಇರಲಿಲ್ಲ. ಎಲ್ಲ ಪರೀಕ್ಷೆಗಳಲ್ಲೂ ಸೋತವನಿಗೆ ತಾನು ಬಲ್ಲ ಒಂದು ವಿಷಯವನ್ನು ಹೇಳುವ ಅವಕಾಶವಿತ್ತು.

ಸಾಲುಸಾಲಾಗಿ ಬಂದ ಹುಡುಗರನ್ನು ಕರೆದುಕೊಂಡು ಡಾನ್ ಬೋಸ್ಕೊ ಊರೂರು ಬದಲಿಸಿದಂತೆ ಜಾಗ ಬದಲಿಸಬೇಕಾಯಿತು. ಗದ್ದಲವನ್ನು ಸಹಿಸುವವರು ಯಾರೂ ಇರಲಿಲ್ಲ. ಇವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಭಾವಿಸಿದ ಇಬ್ಬರು ಗುರುಗಳು ಗಾಡಿ ತಂದು ಆಸ್ಪತ್ರೆಗೆ ಒಯ್ಯಲು ಯತ್ನಿಸಿದರೆಂದೂ, ಇವರು ಅವರಿಬ್ಬರನ್ನೇ ಮೊದಲು ಗಾಡಿಯೊಳಗೆ ಹತ್ತಿಸಿ ಬಾಗಿಲು ಹಾಕಿ ಕಳುಹಿಸಿದರೆಂದೂ ಒಂದು ಕಥೆಯಿದೆ. 1846ರ ಪಾಸ್ಕ ಹಬ್ಬದಂದು ವಾಲ್ದೊಕ್ಕೊ ಎಂಬ ಹೊರವಲಯದಲ್ಲಿ ಪಿನಾರ್ದಿ ಎಂಬವರ ಕೊಟ್ಟಿಗೆ ದೊರೆಯಿತು. ಅದೇ ದೇವಾಲಯ, ಅದರ ಸುತ್ತಲಿನ ಬಯಲೇ ಆಟದ ಮೈದಾನ. ಆ ನವೆಂಬರಿನಲ್ಲಿ ತಾಯಿ ಮಾರ್ಗರಿತಾ ತನ್ನ ಮದುವೆಯ ವಸ್ತ್ರಗಳೊಡನೆ ಬಂದು ಈ ಹುಡುಗರೆಲ್ಲರ ತಾಯಿಯಾದಳು.

ವಾಲ್ದೊಕ್ಕೊದಲ್ಲಿ ಬಹುಮಾನಗಳಿದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ. ನಡತೆಗೆ ಅಂಕಗಳನ್ನು ಕೊಡುತ್ತಿದ್ದರು. ಉತ್ತಮ ನಡತೆಯವರಿಗೆ ಪ್ರಶಸ್ತಿಗಳನ್ನು ಹಂಚುತ್ತಿದ್ದರು. ಆದರೆ ಆ ಪ್ರಶಸ್ತಿ ಯಾರಿಗೆ ಸಲ್ಲಬೇಕೆಂಬುದನ್ನು ಹುಡುಗರೇ ಮತ ಹಾಕಿ ಆರಿಸುತ್ತಿದ್ದರು. ಎಂದರೆ ಯಾರು ಎಷ್ಟು ಜಪ ಹೇಳಿದರು ಎಂಬ ಲೆಕ್ಕಕ್ಕಿಂತ ಯಾರು ಒಳ್ಳೆಯ ಒಡನಾಡಿ ಎಂಬ ಅನುಭವಕ್ಕೆ ಅಲ್ಲಿ ಬೆಲೆಯಿತ್ತು. ಆಟವೂ ಪ್ರಾರ್ಥನೆಗೆ ಕೊಡುವ ಕೂಲಿಯಾಗಿರಲಿಲ್ಲ. ಓಡುವುದಕ್ಕೆ, ನೆಗೆಯುವುದಕ್ಕೆ, ಕೂಗಾಡುವುದಕ್ಕೆ ಯಥೇಚ್ಛ ಸ್ವಾತಂತ್ರ್ಯವಿರಬೇಕೆಂದು ಅವರು 1877ರಲ್ಲಿ ತಮ್ಮ ನಿವಾರಕ ಶಿಕ್ಷಣಕ್ರಮವನ್ನು ಕುರಿತು ಬರೆದಾಗ ಸ್ಪಷ್ಟವಾಗಿಯೇ ತಿಳಿಸಿದರು. ಇದಕ್ಕೆ ತತ್ತ್ವಶಾಸ್ತ್ರದ ಆಧಾರವೂ ಉಂಟು. ಆಟವಿನೋದಗಳಲ್ಲಿ ಮಿತವರಿತು ತೊಡಗುವುದನ್ನು ಅರಿಸ್ಟಾಟಲ್ ಒಂದು ಸದ್ಗುಣವೆಂದು ಎಣಿಸಿದನು. ಸಂತ ತೋಮಸ್ ಅಕ್ವಿನಾಸರು ಅದನ್ನು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಸ್ವೀಕರಿಸಿ, ಆಟವೇ ಬೇಡವೆನ್ನುವ ಬಿರುಸು ಸ್ವಭಾವವನ್ನು ದೋಷವೆಂದು ನಿರ್ಣಯಿಸಿದರು. ಆಟವು ಮನಸ್ಸಿಗೆ ವಿಶ್ರಾಂತಿ ನೀಡುತ್ತದೆ ಎಂಬುದು ಈ ವಿಚಾರದ ತಿರುಳು. ಅದನ್ನು ಇನ್ನೊಂದರ ಕೂಲಿಯನ್ನಾಗಿ ಮಾಡಿದರೆ ಆಟವೂ ಕೆಡುತ್ತದೆ, ಪ್ರಾರ್ಥನೆಯೂ ಕೆಡುತ್ತದೆ. ಶ್ರೇಯಾಂಕದ ಪಟ್ಟಿಗೆ ಇನ್ನೂ ಒಂದು ತೊಡಕಿದೆ. ದ್ರಾಕ್ಷಿತೋಟದ ಯಜಮಾನನು ಕೊನೆಯ ಗಂಟೆಗೆ ಬಂದವನಿಗೂ ಅದೇ ನಾಣ್ಯವನ್ನು ಕೊಟ್ಟ ಸಾಮತಿಯನ್ನು ನಮ್ಮ ಮಕ್ಕಳಿಗೆ ಆ ಪಟ್ಟಿಯ ಕೆಳಗೆ ನಿಂತು ಬೋಧಿಸುವುದು ಹೇಗೆ?

ಹಾಗಾದರೆ ಬೆಕ್ಕಿಯಲ್ಲಿ ವಿಧಿಸಿದ ಆ ಜಪಸರದ ಶುಲ್ಕ? ಹತ್ತು ವರ್ಷದ ಹುಡುಗನ ಉಪಾಯವೆಂದೇ ಅದನ್ನು ತಿಳಿಯಬೇಕು. ದೊಡ್ಡವರಾದ ಮೇಲೆ ಡಾನ್ ಬೋಸ್ಕೊ ಅವರು ಆಟವನ್ನು ಹೇಗೆ ಬಳಸಿದರೆಂಬುದಕ್ಕೆ ಇಬ್ಬರು ಹುಡುಗರ ಉದಾಹರಣೆ ಸಾಕು.

1854ರಲ್ಲಿ ಬಂದ ದೊಮಿನಿಕ್ ಸಾವಿಯೊನಿಗೆ ಸಂತನಾಗಬೇಕೆಂಬ ಹಂಬಲವು ತೀವ್ರವಾಯಿತು. ಅವನು ಆಟ ಬಿಟ್ಟು, ಮೌನಿಯಾಗಿ, ಕಠಿಣ ತಪಸ್ಸುಗಳನ್ನು ಮಾಡಲೆತ್ತಿಸಿದನು. ಅಂಕಗಳ ಪಟ್ಟಿಯಿದ್ದರೆ ಅವನೇ ಮೊದಲಿಗನಾಗುತ್ತಿದ್ದನು. ಗುರುಗಳು ಆ ತಪಸ್ಸುಗಳನ್ನು ನಿಷೇಧಿಸಿದರು. ಹರ್ಷದಿಂದಿರುವಂತೆಯೂ, ತನ್ನ ಕರ್ತವ್ಯಗಳನ್ನು ಮಾಡುವಂತೆಯೂ, ಗೆಳೆಯರೊಡನೆ ತಪ್ಪದೆ ಆಡುವಂತೆಯೂ ವಿಧಿಸಿದರು. ದೊಮಿನಿಕ್ 1857ರ ಮಾರ್ಚ್ 9ರಂದು, ಹದಿನೈದು ತುಂಬುವ ಮೊದಲೇ, ತೀರಿಕೊಂಡನು. 1954ರಲ್ಲಿ ಧರ್ಮಸಭೆಯು ಅವನನ್ನು ಸಂತನೆಂದು ಸಾರಿತು.

ಮಿಕೇಲೆ ಮಗೋನೆ ಇದಕ್ಕೆ ವಿರುದ್ಧವಾದ ಸ್ವಭಾವದವನು. 1857ರಲ್ಲಿ ಕಾರ್ಮಾಞೋಲಾ ರೈಲು ನಿಲ್ದಾಣದಲ್ಲಿ ಹುಡುಗರ ಗುಂಪೊಂದಕ್ಕೆ ಸೇನಾಪತಿಯಾಗಿ ಮೆರೆಯುತ್ತಿದ್ದಾಗ ಡಾನ್ ಬೋಸ್ಕೊ ಅವರ ಕಣ್ಣಿಗೆ ಬಿದ್ದನು. ವಾಲ್ದೊಕ್ಕೊಗೆ ಬಂದ ಮೇಲೆ ಅವನಿಗೆ ಆಟದ ಗಂಟೆಯೇ ಸ್ವರ್ಗ. ಫಿರಂಗಿಯಿಂದ ಗುಂಡು ಸಿಡಿದಂತೆ ಬಯಲಿಗೆ ಧಾವಿಸುತ್ತಿದ್ದನು. ತಿಂಗಳೊಂದು ಕಳೆದಾಗ ಅವನು ಮೂಲೆಯಲ್ಲಿ ಒಬ್ಬನೇ ಕುಳಿತಿರುವುದನ್ನೂ, ಮುಖ ಬಾಡಿರುವುದನ್ನೂ, ಕಣ್ಣಲ್ಲಿ ನೀರು ನಿಂತಿರುವುದನ್ನೂ ಗುರುಗಳು ಗಮನಿಸಿದರು. ಮೆಲ್ಲಗೆ ವಿಚಾರಿಸಿದಾಗ, ಮನಸ್ಸಾಕ್ಷಿಯು ಗೋಜಲಾಗಿದೆ, ಉಳಿದವರಂತೆ ಪರಮಪ್ರಸಾದ ಸ್ವೀಕರಿಸಲಾಗುತ್ತಿಲ್ಲ ಎಂಬುದು ತಿಳಿಯಿತು. ಪಾಪನಿವೇದನೆ ಮಾಡಿದ ಮೇಲೆ ಅವನ ಹರ್ಷವು ಮರಳಿತು. ಗುರುಗಳು ದಿನವೂ ಆ ಬಯಲಿನಲ್ಲಿ ಇರದಿದ್ದರೆ ಅವನು ಆಡುವುದನ್ನು ನಿಲ್ಲಿಸಿದ್ದು ಯಾರಿಗೆ ತಿಳಿಯುತ್ತಿತ್ತು? ಯಂತ್ರವೊಂದು ಅವನ ಅಂಕಗಳು ಇಳಿದಿವೆಯೆಂದು ತೋರಿಸಬಹುದಾಗಿತ್ತು. ಅವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವ ಕೆಲಸ ಅದರದ್ದಲ್ಲ. ಮಗೋನೆ 1859ರ ಜನವರಿಯಲ್ಲಿ ತೀರಿಹೋದನು. ಅವನ ಜೀವನಚರಿತ್ರೆಯನ್ನು ಡಾನ್ ಬೋಸ್ಕೊ ಅವರೇ ಬರೆದರು.

ಅದೇ ವರ್ಷ ಡಿಸೆಂಬರಿನಲ್ಲಿ ಸಲೇಶಿಯನ್ ಸಭೆಯು ಸ್ಥಾಪಿತವಾಯಿತು. 1872ರಲ್ಲಿ ಕನ್ಯಾಸ್ತ್ರೀಯರ ಸಭೆ, 1875ರಲ್ಲಿ ಅರ್ಜೆಂಟೀನಾಕ್ಕೆ ಮೊದಲ ಧರ್ಮಪ್ರಚಾರಕರು. ಶಾಲೆಗಳು ಹೆಚ್ಚಿದವು, ಸಾಲ ಹೆಚ್ಚಿತು, ಸಂಸ್ಥಾಪಕರಿಗೆ ವಯಸ್ಸಾಯಿತು. ಈ ಏಳಿಗೆಯ ನಡುವೆ ಅವರ ಮನಸ್ಸನ್ನು ಕೊರೆಯುತ್ತಿದ್ದ ಚಿಂತೆಯು 1884ರ ಮೇ 10ರಂದು ರೋಮಿನಿಂದ ವಾಲ್ದೊಕ್ಕೊಗೆ ಬರೆದ ಪತ್ರದಲ್ಲಿ ಹೊರಬಂದಿತು. ಅದೂ ಕನಸಿನ ರೂಪದಲ್ಲಿಯೇ ಇದೆ. ಮೊದಲು ಅವರಿಗೆ ಹಳೆಯ ದಿನಗಳ ಬಯಲು ಕಾಣಿಸಿತು: ಹುಡುಗರು ಓಡುತ್ತಿದ್ದಾರೆ, ಹಾಡುತ್ತಿದ್ದಾರೆ, ಗುರುಗಳು ಅವರ ನಡುವೆಯೇ ಬೆರೆತು ಆಡುತ್ತಿದ್ದಾರೆ. ಬಳಿಕ ಈಗಿನ ಬಯಲು ಕಾಣಿಸಿತು. ಆಟಗಳು ನಡೆಯುತ್ತಿದ್ದರೂ ಉತ್ಸಾಹವಿಲ್ಲ. ಕೆಲವರು ಕಂಬಕ್ಕೊರಗಿ ನಿಂತಿದ್ದಾರೆ, ಕೆಲವರು ಮರೆಗೆ ಸರಿದು ಪಿಸುಗುಟ್ಟುತ್ತಿದ್ದಾರೆ. ಗುರುಗಳು ತಮ್ಮತಮ್ಮಲ್ಲೇ ಮಾತನಾಡುತ್ತ ದೂರದಿಂದ ಕಾವಲು ಕಾಯುತ್ತಿದ್ದಾರೆ. ಹುಡುಗರು ಸಂಸ್ಕಾರಗಳಿಗೆ ತಣ್ಣಗಾದುದಕ್ಕೂ ಇದೇ ಕಾರಣವೆಂದು ಕನಸಿನಲ್ಲಿ ಜೊತೆಗಿದ್ದ ಹಳೆಯ ವಿದ್ಯಾರ್ಥಿಗಳು ಅವರಿಗೆ ವಿವರಿಸಿದರು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂಬುದು ಆ ಮಕ್ಕಳಿಗೆ ತಿಳಿಯಬೇಕು. ಅದಕ್ಕಾಗಿ ಗುರುವಾದವನು ಮೊದಲು ಅವರಿಗೆ ಇಷ್ಟವಾದುದನ್ನು ಇಷ್ಟಪಡಬೇಕು, ಆಗ ಅವರು ಗುರುವಿಗೆ ಇಷ್ಟವಾದುದನ್ನು ಇಷ್ಟಪಡಲು ಕಲಿಯುತ್ತಾರೆ ಎಂಬುದು ಆ ಪತ್ರದ ಸಾರ. ಪ್ರಭುಯೇಸು ಸಹ ಶಿಷ್ಯರನ್ನು ಕರೆದದ್ದು ಬಲೆ ಸರಿಪಡಿಸುತ್ತಿದ್ದ ಕಡಲತೀರಕ್ಕೆ ತಾವೇ ನಡೆದುಹೋಗಿ ಎಂಬುದನ್ನು ಇಲ್ಲಿ ನೆನೆಯಬಹುದು.

ಡಾನ್ ಬೋಸ್ಕೊ 1888ರ ಜನವರಿ 31ರಂದು, ತಮ್ಮ 72ನೆಯ ವಯಸ್ಸಿನಲ್ಲಿ, ವಾಲ್ದೊಕ್ಕೊದಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. ತಮ್ಮ ಹುಡುಗರಿಗಾಗಿ ಸ್ವರ್ಗದಲ್ಲಿ ಕಾದಿರುವುದಾಗಿ ತಿಳಿಸಿರೆಂದು ಕೊನೆಯ ದಿನಗಳಲ್ಲಿ ಸುತ್ತಲಿದ್ದವರಿಗೆ ಹೇಳಿದ್ದರು. 1906ರಲ್ಲಿ ಅವರ ಮಕ್ಕಳು ತಂಜಾವೂರಿಗೆ ಬಂದಿಳಿದು ಭಾರತದಲ್ಲಿ ಸೇವೆಯನ್ನು ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲಿ 1980ರಲ್ಲಿ ಸಲೇಶಿಯನ್ ಗುರುವಿದ್ಯಾರ್ಥಿಗಳು ಬೀದಿಯಲ್ಲಿ ಬದುಕುವ ಮಕ್ಕಳನ್ನು ಅರಸಿಕೊಂಡು ಹೊರಟಾಗಲೂ ಮೊದಲು ಮಾಡಿದ್ದು ಆ ಮಕ್ಕಳಿರುವ ಕಡೆಗೇ ಹೋಗಿ ಅವರ ಸ್ನೇಹ ಸಂಪಾದಿಸಿದ್ದು. 1934ರ ಪಾಸ್ಕ ಹಬ್ಬದಂದು, ಏಪ್ರಿಲ್ 1ರಂದು, ಜಗದ್ಗುರು ಹನ್ನೊಂದನೆಯ ಪಿಯುಸರು ಡಾನ್ ಬೋಸ್ಕೊ ಅವರಿಗೆ ಸಂತ ಪದವಿಯನ್ನು ನೀಡಿದರು. ಅವರ ಪಾರ್ಥಿವ ಶರೀರವು ಮೊದಲು ನಗರದ ಹೊರಗೆ ವಾಲ್ಸಾಲಿಚೆಯಲ್ಲಿತ್ತು. 1929ರಲ್ಲಿ ಅದನ್ನು ಮೆರವಣಿಗೆಯಲ್ಲಿ ವಾಲ್ದೊಕ್ಕೊಗೆ ತಂದು ಕ್ರೈಸ್ತರ ಸಹಾಯಮಾತೆಯ ಮಹಾದೇವಾಲಯದಲ್ಲಿ ಇರಿಸಿದರು. ಹುಡುಗರು ಆಡುತ್ತಿದ್ದ ಬಯಲು ಅದರ ಪಕ್ಕದಲ್ಲೇ ಇದೆ.