ಪಂಡಿತ ತಾರಾನಾಥರ ವೈದ್ಯಜೀವನ ಮತ್ತು ಬಾಲಸ್ಥೌಲ್ಯದ ಪ್ರಶ್ನೆ

ಬಳ್ಳಾರಿ ನಗರದ ಸರ್ಕಾರಿ ಆಯುರ್ವೇದ ಮಹಾವಿದ್ಯಾಲಯವು ಪಂಡಿತ ತಾರಾನಾಥರ ಹೆಸರನ್ನು ಹೊತ್ತಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗಾದರೋ ಅವರು ‘ಪ್ರೇಮ’ ಪತ್ರಿಕೆಯ ಸಂಪಾದಕರು, ‘ದೀನಬಂಧು ಕಬೀರ’ ನಾಟಕದ ಕರ್ತೃ. ವೈದ್ಯ ತಾರಾನಾಥರಿಗೂ ಲೇಖಕ ತಾರಾನಾಥರಿಗೂ ಸಂಬಂಧವೇ ಇಲ್ಲವೆಂಬಂತೆ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಸಾಗಿಬಂದಿವೆ. ಈ ವಿಭಜನೆ ಸಾಧುವಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು.

1891ರಲ್ಲಿ ಮಂಗಳೂರಿನಲ್ಲಿ ಜನಿಸಿದ ತಾರಾನಾಥರು ಹೈದರಾಬಾದ್ ಸಂಸ್ಥಾನವನ್ನು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ನಿಜಾಮ ಸರ್ಕಾರದ ಅವಕೃಪೆಗೆ ಪಾತ್ರರಾದ ಬಳಿಕ ನದಿಯ ಈಚೆಯ ದಡಕ್ಕೆ, ಅಂದಿನ ಬಳ್ಳಾರಿ ಜಿಲ್ಲೆಯ ತುಂಗಭದ್ರಾ ಗ್ರಾಮಕ್ಕೆ ಬಂದು ‘ಪ್ರೇಮಾಯತನ’ ಆಶ್ರಮವನ್ನು ಕಟ್ಟಿದರು. ಸಿರುಗುಪ್ಪದಿಂದ ಕೆಳಕ್ಕೆ ಹರಿಯುವ ಅದೇ ಹೊಳೆಯ ದಂಡೆಯದು. ಬಳ್ಳಾರಿ ರಾಘವರು 1927ರಲ್ಲಿ ಗಾಂಧೀಜಿಯವರ ಎದುರು ಅಭಿನಯಿಸಿದ್ದು ತಾರಾನಾಥರ ಕಬೀರನನ್ನೇ.

ಪ್ರೇಮಾಯತನವು ಚಿಕಿತ್ಸಾಲಯವೂ ಆಗಿತ್ತು. ತಾರಾನಾಥರು ಔಷಧಿಯನ್ನು ಆಹಾರ, ನಿದ್ರೆ, ದುಡಿಮೆ, ಸಹವಾಸಗಳಿಂದ ಬೇರ್ಪಡಿಸಿ ನೋಡಿದವರಲ್ಲ. ಆಶ್ರಮವೆಂಬ ಕಲ್ಪನೆಯೇ ಇದಕ್ಕೆ ಸಾಕ್ಷಿ. ಇಂದು ವೈದ್ಯಲೋಕವನ್ನು ಕಾಡುತ್ತಿರುವ ಮಕ್ಕಳ ಬೊಜ್ಜಿನ ಸಮಸ್ಯೆಗೆ ಅವರು ಚಿಕಿತ್ಸೆ ಬರೆದರೆಂದು ಹೇಳಹೊರಟರೆ ಅದು ಅತಿರೇಕವಾದೀತು. ಕ್ಷಾಮಗಳ ನೆನಪು ಮಾಸದ ಆ ಸೀಮೆಯಲ್ಲಿ ವೈದ್ಯನೆದುರು ಬರುತ್ತಿದ್ದುದು ಹೆಚ್ಚಾಗಿ ಸೊರಗಿದ ಮಗು. ಆದರೆ ಅವರ ವೈದ್ಯದೃಷ್ಟಿಯ ಮೂಲಧಾರೆ ಈ ಪ್ರಶ್ನೆಗೆ ಅಪರಿಚಿತವಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಸ್ಥೌಲ್ಯಕ್ಕೆ ಅತಿಭೋಜನ, ವ್ಯಾಯಾಮದ ಅಭಾವ, ಹಗಲುನಿದ್ರೆಗಳೊಂದಿಗೆ ಬೀಜಸ್ವಭಾವವನ್ನೂ, ಅಂದರೆ ವಂಶವಾಹಿ ಕಾರಣವನ್ನೂ, ಹೇಳುತ್ತದೆ. ತ್ರಿಫಲಾ, ಅಮೃತಬಳ್ಳಿ, ಭದ್ರಮುಷ್ಟಿ, ವಾಯುವಿಡಂಗ, ಜೇನು ಅಲ್ಲಿನ ಔಷಧಗಳು. ಇವುಗಳಿಗಿಂತ ಕುತೂಹಲಕರವಾದದ್ದು ಧಾನ್ಯಗಳ ಪಟ್ಟಿ: ಜವೆ, ನವಣೆ, ಸಾವೆ, ಹಾರಕ, ಹೆಸರು, ಹುರುಳಿ. ಜೂರ್ಣಾಹ್ವವೆಂಬುದನ್ನು ವ್ಯಾಖ್ಯಾನಕಾರರು ಜೋಳವೆಂದೇ ಗುರುತಿಸುತ್ತಾರೆ. ಹೊಟ್ಟೆ ತುಂಬಬೇಕು, ಮೇದಸ್ಸು ಬೆಳೆಯಬಾರದು ಎಂಬುದು ತತ್ತ್ವ. ಬೆಳೆಯುವ ಮಗುವನ್ನು ಉಪವಾಸ ಕೆಡಹದೆ ತೂಕ ತಗ್ಗಿಸುವ ವಿವೇಕ ಇದರಲ್ಲಿ ಅಡಗಿದೆ. ಮಕ್ಕಳಿಗೆ ವಮನ, ವಿರೇಚನದಂತಹ ತೀಕ್ಷ್ಣ ಕ್ರಮಗಳು ಸಲ್ಲವೆಂದು ಸುಶ್ರುತನೂ ಎಚ್ಚರಿಸಿದ್ದಾನೆ. ತೂಕ ಇಳಿಸುವ ಚೂರ್ಣವನ್ನು ಅಂಗಡಿಯಿಂದ ತಂದು ಮಗುವಿಗೆ ತಿನ್ನಿಸುವವರು ಈ ಮಾತನ್ನು ಮರೆತಿರುತ್ತಾರೆ. ಇಂತಹ ಮೂಲಿಕೆಗಳು ಮಕ್ಕಳಲ್ಲಿ ಎಷ್ಟು ಸುರಕ್ಷಿತ, ಎಷ್ಟು ಪರಿಣಾಮಕಾರಿ ಎಂಬುದಕ್ಕೆ ಆಧುನಿಕ ಪರೀಕ್ಷೆಗಳ ಆಧಾರ ಇನ್ನೂ ತೆಳುವಾಗಿಯೇ ಇದೆ.

ಚರಕನ ಈ ಧಾನ್ಯಗಳಲ್ಲಿ ಜೋಳ, ನವಣೆ, ಹುರುಳಿಗಳು ತಾರಾನಾಥರ ಕಾಲದ ಬಳ್ಳಾರಿ ಬಯಲುಸೀಮೆಯಲ್ಲಿ ಔಷಧವಾಗಿರಲಿಲ್ಲ, ಮನೆಯ ಊಟವಾಗಿದ್ದವು. ಕುರುಗೋಡಿನ ಕರಿಮಣ್ಣಿನ ಹೊಲಗಳಿಗೆ ಆಗ ಮಳೆಯೇ ಆಧಾರವಾಗಿತ್ತು. ಪಥ್ಯವೂ ನಿತ್ಯಾಹಾರವೂ ಒಂದೇ ಆಗಿದ್ದ ಇಂತಹ ಪ್ರದೇಶದಲ್ಲಿ, ಬದುಕಿನ ಕ್ರಮವನ್ನೇ ಚಿಕಿತ್ಸೆಯೆಂದು ಬಗೆಯುವುದು ವೈದ್ಯನಿಗೆ ಸಹಜವಾಗಿಯೇ ಒದಗಿಬಂದಿರಬೇಕು ಎಂದು ಊಹಿಸಲು ಅವಕಾಶವಿದೆ.

ತಾರಾನಾಥರು 1942ರಲ್ಲಿ ನಿಧನರಾದರು. ಆಗ ಅವರ ಪುತ್ರ, ಮುಂದೆ ಸರೋದ್ ವಾದಕರಾಗಿ ಖ್ಯಾತರಾದ ರಾಜೀವ ತಾರಾನಾಥ, ಹತ್ತು ವರ್ಷದ ಬಾಲಕ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. ಸಿರುಗುಪ್ಪ ಭತ್ತದ ಕಣಜವಾಯಿತು, ಜೋಳದ ರೊಟ್ಟಿಯ ಪಕ್ಕಕ್ಕೆ ಅನ್ನ ಬಂದು ಕುಳಿತಿತು. ಅದೇ ವರ್ಷ ಆದೋನಿ ಸೀಮೆಯೊಡನೆ ಪ್ರೇಮಾಯತನದ ನೆಲವೂ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು.